ತಾಂಡಾ ಮತ್ತು ದಫ್ತರ: ಕಲಬುರಗಿ–ಕಮಲಾಪುರ ಭಾಗದ ಲಂಬಾಣಿಗರ ವಸತಿ ಹಕ್ಕಿನ ಚರಿತ್ರೆ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದತ್ತ ಹೊರಟರೆ ಅಲ್ಲಲ್ಲಿ ಲಂಬಾಣಿ ತಾಂಡಾಗಳು ಸಿಗುತ್ತವೆ. ಇವುಗಳಿಗೂ ಸ್ಥಳೀಯ ಆಡಳಿತಕ್ಕೂ ಇರುವ ನಂಟನ್ನು ಯೋಜನೆ, ಅನುದಾನಗಳ ಲೆಕ್ಕದಲ್ಲಿ ಅಳೆಯುವುದು ರೂಢಿ. ಕಂದಾಯ ದಫ್ತರದ ಕಡೆಯಿಂದ ನೋಡಿದರೆ ಈ ಚರಿತ್ರೆ ಬೇರೆಯೇ ಕಾಣುತ್ತದೆ.

ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ನಡೆದ ಬಂಜಾರರು, ಅಂದರೆ ಲಂಬಾಣಿಗರು, 17ನೇ ಶತಮಾನದಲ್ಲಿ ಮೊಗಲ್ ಸೇನೆಗೆ ಧಾನ್ಯ ಪೂರೈಸುತ್ತ ದಖ್ಖನಿನಲ್ಲಿ ಹರಡಿಕೊಂಡರು. 1871ರಲ್ಲಿ ಮುಂಬಯಿ–ಮದ್ರಾಸ್ ರೈಲು ಮಾರ್ಗ ರಾಯಚೂರಿನಲ್ಲಿ ಕೂಡಿತು. ಕಲಬುರಗಿ ಆ ಮಾರ್ಗದ ಮೇಲಿದೆ. ಹೇರಿನ ವ್ಯಾಪಾರಕ್ಕೆ ಅದು ದೊಡ್ಡ ಪೆಟ್ಟು. ಬ್ರಿಟಿಷ್ ಭಾರತದಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ಬಂದದ್ದೂ ಅದೇ ವರ್ಷ. ದುಡಿಮೆ ಕಳೆದುಕೊಂಡವರನ್ನು ಗುಮಾನಿಯಿಂದ ನೋಡುವ ಕಾಲ ಶುರುವಾಯಿತು. ಹೇರು ಇಳಿಸಿದವರು ಊರ ಹೊರಗಿನ ಗುಡ್ಡ, ಬೀಳು, ಹೊಲದ ಅಂಚುಗಳಲ್ಲಿ ನೆಲೆ ನಿಂತರು.

ತಾಂಡಾಕ್ಕೆ ತನ್ನದೇ ಆಡಳಿತವಿತ್ತು. ನಾಯಕ, ಕಾರಭಾರಿ, ಡಾವೋ (ಸಲಹೆ ಕೊಡುವ ಹಿರಿಯ) ಕೂಡಿ ಜಗಳ ಬಗೆಹರಿಸುತ್ತಿದ್ದರು, ಮದುವೆ ನಿಶ್ಚಯಿಸುತ್ತಿದ್ದರು. ನಿಜಾಮರ ರಾಜ್ಯದ ಲೆಕ್ಕ ಮಾತ್ರ ಊರಿನ ಮಾಲಿಪಾಟೀಲ, ಪೊಲೀಸ್‌ಪಾಟೀಲ, ಪಟವಾರಿಗಳ ಕೈಯಲ್ಲಿತ್ತು. ಆ ಲೆಕ್ಕದಲ್ಲಿ ನಾಯಕನಿಗೆ ಜಾಗವಿರಲಿಲ್ಲ. ತಾಂಡಾ ಪಕ್ಕದ ಊರಿಗೆ ಅಂಟಿಕೊಂಡ ವಸತಿಯಾಗಿ ಉಳಿಯಿತು. ನನ್ನ ದೃಷ್ಟಿಯಲ್ಲಿ ಮುಂದಿನ ತೊಡಕುಗಳ ಬೇರು ಇಲ್ಲೇ ಇದೆ.

1956ರಲ್ಲಿ ಕಲಬುರಗಿ ಮೈಸೂರು ರಾಜ್ಯ ಸೇರಿದ ಮೇಲೂ ಈ ಸ್ಥಿತಿ ಬೇಗ ಬದಲಾಗಲಿಲ್ಲ. 1976ರ ತಿದ್ದುಪಡಿಯಿಂದ ಪರಿಶಿಷ್ಟ ಜಾತಿ ಪಟ್ಟಿಯ ಪ್ರಾದೇಶಿಕ ಮಿತಿ ಹೋಗಿ, 1977ರಿಂದ ಈ ಭಾಗದ ಲಂಬಾಣಿಗರಿಗೂ ಮೀಸಲಾತಿ ದಕ್ಕಿತು. 1993ರ ಪಂಚಾಯತ್ ರಾಜ್ ಕಾಯ್ದೆಯ ಮೀಸಲು ಸ್ಥಾನಗಳಿಂದ ತಾಂಡಾದ ಹೆಣ್ಣುಮಕ್ಕಳೂ ಗ್ರಾಮ ಪಂಚಾಯಿತಿಯ ಕುರ್ಚಿಯಲ್ಲಿ ಕೂತರು. ಆದರೆ ಸದಸ್ಯೆಯ ಮನೆ ನಿಂತ ನೆಲವೇ ಇನ್ನೊಬ್ಬರ ಪಹಣಿಯಲ್ಲಿರಬಹುದಿತ್ತು. ಗ್ರಾಮಠಾಣೆಯ ಹೊರಗಿನ ಮನೆಗೆ ಹಕ್ಕಿನ ಕಾಗದ ಸಿಗುವುದು ಕಷ್ಟ. ಕಾಗದವಿಲ್ಲದೆ ಬ್ಯಾಂಕಿನ ಸಾಲವೂ ಕಷ್ಟ.

ಭೂಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿದಾಗ ಈ ಗಂಟು ಸಡಿಲಿತು. ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದ ಕಾಲದಲ್ಲಿ ‘ವಾಸಿಸುವವನೇ ಮನೆಯೊಡೆಯ’ ಎಂಬ ಘೋಷಣೆಯಡಿ ಅದು ಜನರಿಗೆ ಪರಿಚಯವಾಯಿತು. ದಾಖಲೆಯಿಲ್ಲದ ವಸತಿಯನ್ನು ಗುರುತಿಸಿ, ಅಳೆದು, ಅಧಿಸೂಚನೆ ಹೊರಡಿಸಿ ಕಂದಾಯ ಗ್ರಾಮ ಮಾಡಬೇಕು. ಪ್ರತಿ ಮನೆಗೂ ಚಕ್ಕುಬಂದಿ ಬರೆಯಬೇಕು: ಮೂಡಣಕ್ಕೆ ಯಾರ ಮನೆ, ಪಡುವಣಕ್ಕೆ ಯಾರದು, ಬಡಗಣದ ಓಣಿ, ತೆಂಕಣದ ಹೊಲ. ಇದನ್ನು ಕಚೇರಿಯಲ್ಲಿ ಕೂತು ಬರೆಯಲಾಗದು. ಯಾವ ಗೋಡೆ ಅಣ್ಣನದು, ಯಾವುದು ತಮ್ಮನದು ಎಂಬುದು ತಾಂಡಾದ ಹಿರಿಯರಿಗೇ ಗೊತ್ತು. ಸರ್ಕಾರಕ್ಕೆ ತಾಂಡಾದ ತಿಳಿವಳಿಕೆ ಬೇಕೇಬೇಕಾದ ಗಳಿಗೆ ಇದು. 2018ರಲ್ಲಿ ಕಮಲಾಪುರ ಹೊಸ ತಾಲ್ಲೂಕಾಗಿ ತಹಶೀಲ್ದಾರರ ಕಚೇರಿ ಹತ್ತಿರ ಬಂದದ್ದು ಇಂಥ ಕೆಲಸಕ್ಕೆ ಸಣ್ಣ ಅನುಕೂಲವಲ್ಲ.

2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ 50,000ಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ವಸತಿಗಳು ಹೊಸ ಕಂದಾಯ ಗ್ರಾಮಗಳೆಂದು ಘೋಷಣೆಯಾಗಿದ್ದವು.

ಗಡಿಯಾಚೆಯ ತೆಲಂಗಾಣ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಇದೇ ಜನ ಪರಿಶಿಷ್ಟ ಪಂಗಡದವರು. 2018ರ ಪಂಚಾಯತ್ ರಾಜ್ ಕಾಯ್ದೆಯಿಂದ ಅನೇಕ ತಾಂಡಾಗಳು ಸ್ವತಂತ್ರ ಗ್ರಾಮ ಪಂಚಾಯಿತಿಗಳಾಗಿವೆ. ನಮ್ಮಲ್ಲಿ ಕಂದಾಯ ಗ್ರಾಮವಾದ ಮಾತ್ರಕ್ಕೆ ತಾಂಡಾಕ್ಕೆ ತನ್ನದೇ ಪಂಚಾಯಿತಿ ಸಿಗದು. ರಸ್ತೆ, ನೀರಿನ ತೀರ್ಮಾನ ಈಗಲೂ ದೊಡ್ಡ ಊರಿನ ಸದಸ್ಯರೊಂದಿಗೆ ಕೂಡಿಯೇ ಆಗಬೇಕು. ಹಾಗಾಗಿ ಗ್ರಾಮಸಭೆಯ ದಿನಾಂಕವೂ ಮುಖ್ಯವಾಗುತ್ತದೆ. ಸುಗ್ಗಿ ಮುಗಿದೊಡನೆ ಈ ಭಾಗದ ಅನೇಕ ಕುಟುಂಬಗಳು ಮುಂಬಯಿ, ಪುಣೆಗೆ ಗುಳೆ ಹೋಗುತ್ತವೆ. ಅಳತೆ, ಆಕ್ಷೇಪಣೆ, ಸಭೆ ಎಲ್ಲವನ್ನೂ ಅವರು ಊರಿಗೆ ಮರಳುವ ಹಬ್ಬದ ದಿನಗಳ ಆಸುಪಾಸಿನಲ್ಲಿ ಇಟ್ಟುಕೊಳ್ಳುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಪಂಚಾಯಿತಿ ಮತ್ತು ತಹಶೀಲ್ದಾರರ ಕಚೇರಿ ನಾಯಕರನ್ನು ಮುಂಚಿತವಾಗಿ ಕೇಳಿದರೆ ಸಾಕು.