ಇವರು ನಾಳೆ ಕೆಲಸಕ್ಕೆ ಹೋಗಲ್ವಾ?

ಮಗಳಿಗೆ ಆಗಿನ್ನೂ ಆರು ವರ್ಷ. ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿ, ಕಬ್ಬನ್ ಪಾರ್ಕಿನಲ್ಲಿ ಇಳಿದು, ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಆಟ ನೋಡಲು ಹೋಗಿದ್ದೆವು. ಅವಳಿಗೆ ಅದೇ ಮೊದಲ ಪಂದ್ಯ. ಜೊತೆಗೆ ನನ್ನ ಅಪ್ಪನೂ ಇದ್ದರು. ಅಭಿಮಾನಿಗಳ ಡೋಲಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಕೂತಿದ್ದವಳು ವಿರಾಮದಲ್ಲಿ ಕೇಳಿದಳು: "ತಾತ, ಇವರೆಲ್ಲ ನಾಳೆ ಕೆಲಸಕ್ಕೆ ಹೋಗಲ್ವಾ?"

"ಇದೇ ಕಣಮ್ಮಾ ಅವರ ಕೆಲಸ," ಎಂದು ಅಪ್ಪ ನಕ್ಕರು.

ಆ ನಗುವಿನ ಹಿಂದೆ ಈ ಊರಿನ ಫುಟ್‌ಬಾಲಿನ ಕಥೆಯೇ ಇದೆ. ಇಲ್ಲಿ ಆಟ ಬೇರೂರಿದ್ದು ದಂಡು ಪ್ರದೇಶದಲ್ಲಿ. ಬ್ರಿಟಿಷ್ ಸಿಪಾಯಿಗಳು ಆಡುವುದನ್ನು ನೋಡಿ ಸುತ್ತಲಿನ ಬಡಾವಣೆಗಳ ಹುಡುಗರು ಬರಿಗಾಲಲ್ಲೇ ಕಲಿತರು. ಬ್ರಿಟಿಷ್ ಸೇನಾ ತಂಡಗಳ ಸೊತ್ತಿನಂತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಕಿತ್ತುಕೊಂಡಿತು, ಮರುವರ್ಷವೂ ಬಿಟ್ಟುಕೊಡಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ.

ಆದರೆ ಗೋಲಿನಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಹೊಟ್ಟೆಯ ದಾರಿ ತೋರಿಸಿದ್ದು ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳು. ತಂಡ ಕಟ್ಟಿ, ಚೆನ್ನಾಗಿ ಆಡುವ ಹುಡುಗರಿಗೆ ನೌಕರಿ ಕೊಟ್ಟವು. ಅಪ್ಪನೂ ಒಂದು ಕಾರ್ಖಾನೆಯ ತಂಡದಲ್ಲಿ ಆಡಿದವರು. ಬೆಳಿಗ್ಗೆ ಲೇತ್ ಮುಂದೆ, ಸಂಜೆ ಮೈದಾನದಲ್ಲಿ. ಮೈಸೂರು ರಾಜ್ಯ ತಂಡ 1968-69ರಲ್ಲಿ ಸತತ ಎರಡನೇ ಬಾರಿ ಸಂತೋಷ್ ಟ್ರೋಫಿ ಗೆದ್ದ ಕಾಲದ ಸುದ್ದಿಗಳನ್ನು ಅವರು ಈಗಲೂ ನೆನೆಯುತ್ತಾರೆ. ಅದಾದ ಮೇಲೆ ಆ ಟ್ರೋಫಿ ಕರ್ನಾಟಕಕ್ಕೆ ಸಿಕ್ಕಿದ್ದು 54 ವರ್ಷಗಳ ನಂತರ, 2023ರಲ್ಲಿ, ದೂರದ ರಿಯಾದ್‌ನಲ್ಲಿ.

ಅಷ್ಟರಲ್ಲಿ ಕಾಲ ಬದಲಾಗಿತ್ತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಶಿಫ್ಟಿಲ್ಲ, ಲೇತಿಲ್ಲ, ಆಟವೇ ಕಸುಬು. ಆ ರಾತ್ರಿ ಮನೆಗೆ ಮರಳುವಾಗ ಮಗಳು, "ನಾನೂ ಇದೇ ಕೆಲಸ ಮಾಡ್ತೀನಿ" ಎಂದಳು. ನನಗೆ ಖುಷಿಯಾಯಿತು.

2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುವುದೇ ಅನುಮಾನವಾದಾಗ, ಅದೇ ಕ್ಲಬ್ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಅಪ್ಪ ಪೇಪರ್ ಮಡಿಸಿಟ್ಟು, "ನಮಗೆ ಆಟ ನಿಂತರೂ ಸಂಬಳ ನಿಲ್ತಿರಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಸೇರಿಸಿದರು: "ಕಾರ್ಖಾನೆಯೇನು ಶಾಶ್ವತವಾ? ಇಲ್ಲೇ ಪಕ್ಕದ ಎನ್‌ಜಿಇಎಫ್ 2002ರಲ್ಲೇ ಮುಚ್ಚಿಹೋಯ್ತಲ್ಲ."

ಮಗಳನ್ನು ಕೋಚಿಂಗ್‌ಗೆ ಸೇರಿಸುವ ಮಾತನ್ನು ನಾನು ಮುಂದಕ್ಕೆ ಹಾಕಿದೆ. ಬರುವ ವರ್ಷ ನೋಡೋಣ ಅಂದುಕೊಂಡೆ. ಅಪ್ಪ ಏನೂ ಹೇಳಲಿಲ್ಲ. ಆ ಭಾನುವಾರ ಮೊಮ್ಮಗಳ ಕೈಹಿಡಿದು ಶಿವಾಜಿನಗರಕ್ಕೆ ಹೋಗಿ ಫುಟ್‌ಬಾಲ್ ಶೂ ಕೊಡಿಸಿಕೊಂಡು ಬಂದರು. ಒಂದು ಸೈಜು ದೊಡ್ಡದು.