ಮೆಟ್ರೊಪೊಲಿಸ್ಸಿನ ದತ್ತುಪುತ್ರ

ಸೇಂಟ್ ಲೂಯಿಸ್ ಕಡೆಯಿಂದ ನ್ಯಾಶ್‌ವಿಲ್ಲಿನ ಗಣೇಶ ದೇವಸ್ಥಾನಕ್ಕೆ ಕಾರಿನಲ್ಲಿ ಹೊರಟವರು ಇಲಿನಾಯ್ ರಾಜ್ಯದ ದಕ್ಷಿಣ ತುದಿಯನ್ನು ದಾಟಿ ಹೋಗುತ್ತಾರೆ. ಓಹಾಯೊ ನದಿಯ ಸೇತುವೆ ಬರುವ ಸ್ವಲ್ಪ ಮುಂಚೆ ಮೆಟ್ರೊಪೊಲಿಸ್ ಎಂಬ ಊರಿನ ಫಲಕ ಕಾಣುತ್ತದೆ. ನಾವೂ ಎಷ್ಟೋ ಸಲ ಅದನ್ನು ನೋಡಿ, "ಬರುವಾಗ ನೋಡೋಣ" ಎಂದು ಹೇಳಿ, ಬರುವಾಗ ಮರೆತವರೇ. ಈ ಸಲ ಹಿಂದಿನ ಸೀಟಿನವರ ಹಟ ಗೆದ್ದಿತು. ಹೇಗೂ ಚಿತ್ರಾನ್ನದ ಡಬ್ಬಿ ಬಿಚ್ಚುವ ಹೊತ್ತಾಗಿತ್ತು. ಹೆದ್ದಾರಿ ಬಿಟ್ಟು ಇಳಿದೆವು.

ಊರ ನಡುವೆ ಕೌಂಟಿಯ ನ್ಯಾಯಾಲಯ. ಅದರ ಮುಂದೆ ಸಾಕ್ಷಾತ್ ಸೂಪರ್‌ಮ್ಯಾನ್! 15 ಅಡಿ ಎತ್ತರದ ಕಂಚಿನ ಪ್ರತಿಮೆ. ನೀಲಿ ಉಡುಪು, ಕೆಂಪು ಹೊದಿಕೆ, ಸೊಂಟದ ಮೇಲೆ ಕೈ.

"ಅಪ್ಪಾ, ಗೊಮ್ಮಟನಿಗಿಂತ ದೊಡ್ಡವನಾ?" ಎಂದಳು ಮಗಳು. ಹಿಂದಿನ ಬೇಸಿಗೆಯಲ್ಲಿ ಶ್ರವಣಬೆಳಗೊಳದ ಮೆಟ್ಟಿಲು ಹತ್ತಿ ಬಂದಿದ್ದಳಲ್ಲ.

"ಇಲ್ಲಮ್ಮ, ಗೊಮ್ಮಟ ಸುಮಾರು 58 ಅಡಿ. ಇವನು ಅದರ ಕಾಲು ಭಾಗ."

"ಅಷ್ಟೇನಾ!" ಎಂದು ಮುಖ ಸಣ್ಣದು ಮಾಡಿದಳು.

ಆದರೆ ಈ ಹದಿನೈದು ಅಡಿಯ ಹಿಂದಿನ ಕಥೆ ದೊಡ್ಡದು. 1839ರಲ್ಲಿ ಊರು ಕಟ್ಟಿದವರು ನದಿಯ ವ್ಯಾಪಾರದಿಂದ ಇದು ಮಹಾನಗರವಾಗುತ್ತದೆಂದು ನಂಬಿ, ಮೊದಲೇ ಮೆಟ್ರೊಪೊಲಿಸ್ ಎಂದು ಹೆಸರಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ! ಮಹಾನಗರ ಆಗಲೇ ಇಲ್ಲ. ಇಂದಿಗೂ ಜನಸಂಖ್ಯೆ ಸುಮಾರು 6 ಸಾವಿರ.

ಹೆಸರು ಮಾತ್ರ ಬೇರೊಂದು ರೀತಿಯಲ್ಲಿ ಕೈ ಹಿಡಿಯಿತು. 1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಕಥೆಯಲ್ಲಿ ನಾಯಕ ಪತ್ರಿಕೆಯೊಂದರಲ್ಲಿ ಕೆಲಸ ಮಾಡುವ ಮಹಾನಗರಕ್ಕೂ ಮೆಟ್ರೊಪೊಲಿಸ್ ಎಂದೇ ಹೆಸರು. ಊರಿನವರು ಇದನ್ನು ಹಿಡಿದುಕೊಂಡು ಹೊರಟರು. 1972ರ ಜನವರಿಯಲ್ಲಿ ಕಥೆಯ ಪ್ರಕಾಶಕರು ಇದೇ ಸೂಪರ್‌ಮ್ಯಾನನ ಊರೆಂದು ಒಪ್ಪಿದರು. ಅದೇ ವರ್ಷ ಜೂನ್‌ನಲ್ಲಿ ಇಲಿನಾಯ್ ಶಾಸನಸಭೆಯೂ ನಿರ್ಣಯ ಮಾಡಿತು. ಆಮೇಲೆ ಕನಸು ಬೆಳೆಯಿತು. ದೊಡ್ಡ ವಿನೋದೋದ್ಯಾನ, ಅದರಲ್ಲಿ 200 ಅಡಿಯ ಪ್ರತಿಮೆ ಎಂದೆಲ್ಲ ನಕ್ಷೆ ತಯಾರಾಯಿತು. 1973ರಲ್ಲಿ ತೈಲದ ಬಿಕ್ಕಟ್ಟು ಬಂತು. ಪೆಟ್ರೋಲಿಗೇ ಸಾಲು ನಿಂತವರು ಬೊಂಬೆ ನೋಡಲು ನೂರಾರು ಮೈಲಿ ಬಂದಾರೆಯೆ? ಯೋಜನೆ ಅಲ್ಲಿಗೇ ಮುಳುಗಿತು.

1986ರಲ್ಲಿ ಊರಿನವರು ತಮ್ಮ ಶಕ್ತ್ಯಾನುಸಾರ ಏಳಡಿಯ ಫೈಬರ್‌ಗ್ಲಾಸ್ ಪ್ರತಿಮೆಯೊಂದನ್ನು ನಿಲ್ಲಿಸಿದರು. ಸೂಪರ್‌ಮ್ಯಾನನಿಗೆ ಗುಂಡು ತಾಗದೆಂಬುದನ್ನು ಪರೀಕ್ಷಿಸಲು ಕೆಲವರು ಬಂದೂಕು ತಂದು ಹೊಡೆದೇಬಿಟ್ಟರು! ಗುಂಡೇಟಿಗೆ ನಮ್ಮಲ್ಲಿ ಚಿಕಿತ್ಸೆಯುಂಟು, ಫೈಬರ್‌ಗ್ಲಾಸಿಗೆ ಇಲ್ಲ. ಊರಿನವರು ಕೈಚೆಲ್ಲಲಿಲ್ಲ. ಒಂದು ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿ 1993ರಲ್ಲಿ ಕಂಚಿನವನನ್ನು ತಂದು ನಿಲ್ಲಿಸಿದರು. ಪ್ರತಿ ಜೂನ್‌ನಲ್ಲಿ ಅವನಿಗೆ ಜಾತ್ರೆಯೂ ನಡೆಯುತ್ತದೆ.

ಹುಟ್ಟೂರಿನ ವಾದ ನಮಗೇನು ಹೊಸದೆ? ತುಂಗಭದ್ರೆಯ ದಡದಲ್ಲಿ ಆನೆಗೊಂದಿಯ ಬಳಿಯ ಅಂಜನಾದ್ರಿಯೇ ಹನುಮಂತನ ಜನ್ಮಸ್ಥಳ ಎನ್ನುತ್ತೇವೆ ನಾವು. ಅಲ್ಲ, ತಿರುಮಲೆಯ ಬೆಟ್ಟವೇ ಎಂದರು ತಿರುಪತಿಯವರು, 2021ರಲ್ಲಿ. ಆದರೆ ಇಲ್ಲಿಯ ಸ್ವಾರಸ್ಯವೇ ಬೇರೆ. ಕಥೆಯ ಪ್ರಕಾರ ಸೂಪರ್‌ಮ್ಯಾನ್ ಹುಟ್ಟಿದ್ದು ಕ್ರಿಪ್ಟಾನ್ ಗ್ರಹದಲ್ಲಿ. ಬೆಳೆದದ್ದು ಸ್ಮಾಲ್‌ವಿಲ್ ಎಂಬ ಹಳ್ಳಿಯಲ್ಲಿ, ಸಾಕಿದ ತಂದೆ ತಾಯಿಯರ ಮನೆಯಲ್ಲಿ. ಮೆಟ್ರೊಪೊಲಿಸ್ ಅವನು ನೌಕರಿಗೆ ಬಂದ ಊರು! ನೌಕರಿಗೆ ಬಂದವನನ್ನು ಒಂದು ಊರು ಮನೆಮಗನೆಂದು ಹೇಳಿಕೊಂಡಿದೆ.

ಅವನನ್ನು ಸೃಷ್ಟಿಸಿದವರು ಯಾರೆಂದು ನೋಡಿದರೆ ಇದು ಇನ್ನೂ ಮನಸ್ಸಿಗೆ ನಾಟುತ್ತದೆ. ಬರೆದವನು ಜೆರಿ ಸೀಗೆಲ್, ಚಿತ್ರ ಬಿಡಿಸಿದವನು ಜೋ ಶುಸ್ಟರ್. ಕ್ಲೀವ್‌ಲ್ಯಾಂಡಿನಲ್ಲಿ ಒಂದೇ ಶಾಲೆಯಲ್ಲಿ ಓದಿದ ಗೆಳೆಯರು. ಇಬ್ಬರೂ ಯೂರೋಪಿನಿಂದ ವಲಸೆ ಬಂದ ಯೆಹೂದಿ ತಂದೆ ತಾಯಿಯರ ಮಕ್ಕಳು. ಎಲ್ಲಿಂದಲೋ ಬಂದ ಕೂಸು, ಮನೆಗೊಂದು ಹೆಸರು, ಹೊರಗೊಂದು ಹೆಸರು, ಹೊರಗೆ ಹೋಗುವಾಗ ಕನ್ನಡಕ ಹಾಕಿಕೊಂಡು ಎಲ್ಲರಂತೆ ಕಾಣುವ ಪ್ರಯತ್ನ. ಆ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ.

1938ರಲ್ಲಿ ಅವರು ಸೂಪರ್‌ಮ್ಯಾನನ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಅವನಿಂದ ಇತರರು ಕೋಟಿಗಟ್ಟಲೆ ಗಳಿಸಿದರು. ಇವರಿಬ್ಬರೂ ಬಡತನದಲ್ಲಿ ಮುದುಕರಾದರು. ಶುಸ್ಟರನ ಕಣ್ಣು ಮಂಜಾಗುತ್ತ ಬಂತು. ಸೀಗೆಲ್ ಪತ್ರಿಕೆಗಳ ಮುಂದೆ ದೂರು ಹೇಳಿಕೊಂಡ ಮೇಲೆ, 1975ರ ಕೊನೆಯಲ್ಲಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಪಿಂಚಣಿ ಸಿಕ್ಕಿತು, ಕಥೆಯ ಮೇಲೆ ಅವರ ಹೆಸರೂ ಮರಳಿತು. ಮೆಟ್ರೊಪೊಲಿಸ್ಸಿಗೆ ಮಗ ದಕ್ಕಿದ ಮೂರು ವರ್ಷಗಳ ಮೇಲೆ ಹೆತ್ತವರಿಗೆ ಅವನ ಮೇಲಿನ ಹೆಸರು ದಕ್ಕಿತು.

ಪ್ರತಿಮೆಯ ಬಳಿ ಫೋಟೊ ತೆಗೆಯುತ್ತಿದ್ದಾಗ ಊರಿನ ಅಜ್ಜಿಯೊಬ್ಬರು ನಿಂತು, ನೀವೆಲ್ಲ ಯಾವ ಊರಿನವರೆಂದು ಕೇಳಿದರು. ನಾವು ಅಭ್ಯಾಸಬಲದಿಂದ "ಕರ್ನಾಟಕ, ಇಂಡಿಯಾ" ಎಂದೆವು. ಅದೇ ಕ್ಷಣಕ್ಕೆ ಮಗಳು "ಸೇಂಟ್ ಲೂಯಿಸ್" ಎಂದಳು. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಜ್ಜಿ ನಕ್ಕು, ಪ್ರತಿಮೆಯತ್ತ ಕೈ ತೋರಿಸಿ, ಅವನನ್ನು ಕೇಳಿದರೂ ಒಂದೇ ಊರು ಹೇಳಲಾರ ಎಂದರು.

ಕಾರು ಸೇತುವೆ ಏರಿದ ಮೇಲೆ ಮಗಳು ಕೇಳಿದಳು: "ಅಪ್ಪಾ, ನಿಮ್ಮೂರಲ್ಲಿ ನಿಮ್ಮನ್ನು ಈಗಲೂ ನಮ್ಮ ಊರಿನವರು ಅಂತಾರಾ?" ಅಂತಾರೆ ಎಂದೆವು. "ಮತ್ತೆ ಸೇಂಟ್ ಲೂಯಿಸ್‌ನಲ್ಲಿ?" ಇಪ್ಪತ್ತೈದು ವರ್ಷದಿಂದ ಅಲ್ಲಿಯ ರೋಗಿಗಳ ನಾಡಿ ಹಿಡಿದಿದ್ದರೂ ಆ ಪ್ರಶ್ನೆಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ನ್ಯಾಶ್‌ವಿಲ್ ಇನ್ನೂ ಎರಡು ಗಂಟೆಯ ದಾರಿಯಿತ್ತು.

ಸದಸ್ಯರಿಗೊಂದು ಸೂಚನೆ: ಆ ಕಡೆ ಹೋದಾಗ ಪ್ರತಿಮೆ ನೋಡಿಯೇ ಓಡಬೇಡಿ. ನದಿಯ ದಡದಲ್ಲಿ 1757ರಲ್ಲಿ ಫ್ರೆಂಚರು ಕಟ್ಟಿದ ಮ್ಯಾಸಾಕ್ ಕೋಟೆಯ ಜಾಗವಿದೆ. 1908ರಲ್ಲಿ ಅದು ಇಲಿನಾಯಿಯ ಮೊದಲ ರಾಜ್ಯ ಉದ್ಯಾನವಾಯಿತು. ಚಿತ್ರಾನ್ನಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಆ ದಾರಿಯಲ್ಲಿ ನಮಗೆ ಸಿಕ್ಕಿಲ್ಲ.