ಬಾಡಿಗೆ ಮನೆಯ ಒಡೆತನ: ಚಿತ್ರದುರ್ಗ ಸೀಮೆಯಲ್ಲಿ

ಬಾಡಿಗೆ ಮನೆಯ ಒಡೆತನವೆಂದರೆ ತನ್ನ ಸಂಸಾರದ ವಾಸಕ್ಕೆ ಬೇಕಾದುದಕ್ಕಿಂತ ಮಿಗಿಲಾದ ಒಂದೆರಡು ಮನೆಗಳನ್ನೋ ಮಳಿಗೆಗಳನ್ನೋ ಕಟ್ಟಿಸಿ ಅಥವಾ ಕೊಂಡು, ಅವನ್ನು ಅನ್ಯರಿಗೆ ಒಪ್ಪಿಸಿ, ಮಾಸಿಕವಾಗಿ ಬರುವ ಬಾಡಿಗೆಯನ್ನು ಜೀವನೋಪಾಯದ ಒಂದಂಗವನ್ನಾಗಿ ಮಾಡಿಕೊಳ್ಳುವ ಗೃಹಸ್ಥನ ಉದ್ಯಮ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳಲ್ಲಿ ಇದನ್ನು ಕೈಗೊಳ್ಳುವವರು ಸಾಮಾನ್ಯವಾಗಿ ನಿವೃತ್ತಿಯ ಹಣವನ್ನು ಎಲ್ಲಿ ತೊಡಗಿಸಬೇಕೆಂದು ಯೋಚಿಸುವ ಉಪಾಧ್ಯಾಯರು, ಅಡಕೆ ತೆಂಗುಗಳ ಒಂದು ಒಳ್ಳೆಯ ವರ್ಷದ ಉಳಿತಾಯವುಳ್ಳ ರೈತರು, ಕೆಳಗೆ ಅಂಗಡಿಯಿಟ್ಟು ಮೇಲೆ ಮನೆ ಕಟ್ಟಿಸುವ ವರ್ತಕರು. ಮಹಾನಗರದಲ್ಲಿ ಹಣ ಹೂಡುವವನು ಭೂಮಿಯ ಬೆಲೆ ಏರುವುದನ್ನು ನಂಬಿ ಬಾಡಿಗೆಯನ್ನು ಗೌಣವಾಗಿ ಕಾಣಬಹುದು. ಈ ಸೀಮೆಯಲ್ಲಾದರೋ ಮನೆಯೊಡೆಯನನ್ನು ಕಾಪಾಡತಕ್ಕದ್ದು ಬಾಡಿಗೆದಾರನು ಬಹುಕಾಲ ನೆಮ್ಮದಿಯಿಂದ ಬಾಳುವ ಮನೆಯೇ ಹೊರತು ನಿವೇಶನದ ಮೇಲಿನ ಕನಸಲ್ಲ ಎಂಬುದನ್ನು ಮೊದಲೇ ಮನಗಾಣುವುದು ಮೇಲು.

ಬಾಡಿಗೆದಾರರು ಯಾರೆಂಬುದನ್ನು ಊರೇ ನಿರ್ಣಯಿಸುತ್ತದೆ. ಜಿಲ್ಲಾಕೇಂದ್ರವಾದ ಚಿತ್ರದುರ್ಗಕ್ಕೆ ವರ್ಗವಾಗಿ ಬರುವ ಸರ್ಕಾರಿ ನೌಕರರು ಮತ್ತು ಬ್ಯಾಂಕಿನವರು, ಎಂಜಿನಿಯರಿಂಗ್ ಹಾಗೂ ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು, ಸುತ್ತಲಿನ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳ ಉಸ್ತುವಾರಿಗೆ ಬಂದ ತಂತ್ರಜ್ಞರು ಜೆ.ಸಿ.ಆರ್. ಬಡಾವಣೆ, ವಿದ್ಯಾನಗರ, ಮೆದೇಹಳ್ಳಿ ರಸ್ತೆ, ತುರುವನೂರು ರಸ್ತೆಗಳ ಕಡೆ ಮನೆಯನ್ನರಸುತ್ತಾರೆ. ಹೆದ್ದಾರಿಗಳು ಕೂಡುವ ಹಿರಿಯೂರಿನಲ್ಲಿ ಸಾರಿಗೆಯವರೂ ಬಬ್ಬೂರಿನ ಕೃಷಿ ಮತ್ತು ತೋಟಗಾರಿಕೆ ಸಂಸ್ಥೆಗಳವರೂ, ಹೊಸದುರ್ಗ ಹೊಳಲ್ಕೆರೆಗಳಲ್ಲಿ ತಾಲ್ಲೂಕು ಕಚೇರಿಗಳ ಸಿಬ್ಬಂದಿಯೂ ತೆಂಗು ಅಡಕೆಗಳ ವ್ಯಾಪಾರದವರೂ ಹೆಚ್ಚು. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಂಥ ಹಳ್ಳಿಗಾಡಿನಲ್ಲಿ ಶಾಲೆ, ಆಸ್ಪತ್ರೆಗಳ ನೌಕರರೂ ಚಿಕ್ಕಜಾಜೂರಿನಂಥ ರೈಲ್ವೆ ಜಂಕ್ಷನ್ನಿನಲ್ಲಿ ರೈಲ್ವೆಯವರೂ ಇದ್ದರೂ ಮನೆ ಕೇಳುವವರ ಸಂಖ್ಯೆ ಬೆರಳೆಣಿಕೆಯದಾದುದರಿಂದ, ಅಲ್ಲಿ ಸಾಲ ಮಾಡಿ ಕಟ್ಟುವುದು ಸಾಹಸವೇ ಸರಿ. ಇಡೀ ಸೀಮೆಯಲ್ಲಿ ಮನೆಗಳು ಕೈಬದಲಾಗುವ ಕಾಲ ಮೇ, ಜೂನ್. ವರ್ಗಾವಣೆಯೂ ಶಾಲಾರಂಭವೂ ಆಗಲೇ. ಆಷಾಢ ಹಿಡಿದರೆ ಬಾಡಿಗೆ ಮನೆಯಲ್ಲಾದರೂ ಹಾಲುಕ್ಕಿಸಲು ಜನ ಹಿಂಜರಿಯುವರಾಗಿ, ಜೂನ್ ಕಳೆದರೂ ಬೀಗ ಬಿದ್ದಿರುವ ಮನೆ ಶ್ರಾವಣದವರೆಗೆ ಖಾಲಿ ಕೂರಬಹುದೆಂದು ಲೆಕ್ಕದಲ್ಲಿ ಹಿಡಿಯಬೇಕು.

ಕಾಯಿದೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಹಳೆಯ ಮೈಸೂರು ಸಂಸ್ಥಾನದ ಭಾಗವಾಗಿದ್ದ ಈ ಜಿಲ್ಲೆಗೆ 1951ರ ಮೈಸೂರು ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಕಾಯಿದೆಯೂ ಅನಂತರ 1961ರ ಬಾಡಿಗೆ ನಿಯಂತ್ರಣ ಕಾಯಿದೆಯೂ ಅನ್ವಯವಾದುವು. ಒಮ್ಮೆ ಒಳಹೊಕ್ಕ ಬಾಡಿಗೆದಾರನನ್ನು ಏಳಿಸುವುದು ದುಸ್ಸಾಧ್ಯವೆಂಬ ಭಯ ಮನೆಯೊಡೆಯರಲ್ಲಿ ಬೇರೂರಿದ್ದು ಆ ಕಾಲದಲ್ಲಿಯೇ. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆಯು ಅನುಸೂಚಿಯ ಮೊದಲ ಭಾಗದ ಊರುಗಳಲ್ಲಿ ಮಾಸಿಕ 3,500 ರೂ., ಇತರ ಕಡೆ 2,000 ರೂ. ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ಕಟ್ಟುವ ಮನೆಗಳು ಬಹುಪಾಲು ಅದರ ಹೊರಗುಳಿದು, 1882ರ ಸ್ವತ್ತು ವರ್ಗಾವಣೆ ಕಾಯಿದೆಗೂ ಉಭಯರು ಬರೆದುಕೊಂಡ ಕರಾರಿಗೂ ಒಳಪಡುತ್ತವೆ.

ಆರಂಭಕಾರನು ಸೋಲುವುದು ಬಾಡಿಗೆದಾರನ ಕೈಯಲ್ಲಿ ಎಂದು ಲೋಕ ಭಾವಿಸಿದರೂ ನಿಜವಾಗಿ ಅವನು ಸೋಲುವುದು ಅದಕ್ಕೆ ಬಹಳ ಮುಂಚೆ, ನಿವೇಶನದ ಕಾಗದಪತ್ರಗಳಲ್ಲಿ. ಊರಂಚಿನ ಹೊಲವನ್ನು ಸುಣ್ಣದ ಗೆರೆಯೆಳೆದು ಹಂಚಿದ ‘ರೆವಿನ್ಯೂ ಸೈಟು’ ಅಗ್ಗವಾಗಿ ಸಿಗುತ್ತದೆ. ಆದರೆ 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಕೃಷಿಭೂಮಿಯ ಪರಿವರ್ತನೆಯಾಗದೆ, ನಗರಾಭಿವೃದ್ಧಿ ಪ್ರಾಧಿಕಾರದಿಂದ ಬಡಾವಣೆಯ ನಕ್ಷೆಗೆ ಮಂಜೂರಾತಿ ದೊರೆಯದೆ ಇರುವ ಸ್ಥಳದ ಮೇಲೆ ಕಟ್ಟಿದ ಮನೆಗೆ ಬ್ಯಾಂಕು ಸಾಲ ಕೊಡಲು ಒಪ್ಪುವುದು ಅಪರೂಪ, ಮಾರುವಾಗ ಕೊಳ್ಳುವವರು ಹಿಂದೆ ಸರಿಯುವುದು ಖಂಡಿತ. ಗ್ರಾಮಪಂಚಾಯಿತಿಯ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11-ಎ ಇದ್ದರೆ ಸ್ವತ್ತು ಕ್ರಮಬದ್ಧವೆಂದೂ, 11-ಬಿ ಮಾತ್ರ ಇದ್ದರೆ ಅದು ಅನಧಿಕೃತವೆನಿಸಿದ್ದರ ದಾಖಲೆಯಷ್ಟೇ ಎಂದೂ ತಿಳಿಯತಕ್ಕದ್ದು. ನಗರಸಭೆ, ಪುರಸಭೆಗಳಲ್ಲಿ ಇ-ಖಾತೆ ಬೇಕು. ಇತ್ತೀಚೆಗೆ ನೋಂದಣಿಗೂ ಅದಿಲ್ಲದೆ ನಡೆಯದು. ಮೂಲಪತ್ರದಿಂದ ಈಚಿನ ಕ್ರಯಪತ್ರದವರೆಗೆ ಒಡೆತನದ ಸರಪಳಿ ಎಲ್ಲಿಯೂ ಕಡಿಯದೆ ಬಂದಿದೆಯೇ, ಅಣ್ಣತಮ್ಮಂದಿರ ಪಾಲುಪಾರಿಕತ್ತು ನೋಂದಣಿಯಾಗಿದೆಯೇ, ಹೆಣ್ಣುಮಕ್ಕಳ ಸಹಿ ಬಿದ್ದಿದೆಯೇ ಎಂಬುದನ್ನು ಋಣಭಾರ ಪತ್ರದೊಡನೆ ವಕೀಲರ ಮುಂದಿಟ್ಟು ತೋರಿಸಿಕೊಳ್ಳಲು ತಗಲುವ ಶುಲ್ಕ ಎಷ್ಟಾದರೂ ಅದು ದುಂದಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಸ್ವತ್ತಿನಲ್ಲಿ ಮಗಳಿಗೂ ಮಗನ ಸಮಾನವಾದ ಹಕ್ಕಿರುವಾಗ, ಆಕೆಯನ್ನು ಬಿಟ್ಟು ಮಾಡಿದ ಕ್ರಯವು ಇಪ್ಪತ್ತು ವರ್ಷದ ಮೇಲೆಯೂ ಮೊಕದ್ದಮೆಯಾಗಿ ಬಾಗಿಲು ತಟ್ಟಬಹುದು.

ಹುಟ್ಟುವಳಿಯ ಲೆಕ್ಕವನ್ನು ಭ್ರಮೆಯಿಲ್ಲದೆ ಹಾಕಬೇಕು. ನಿವೇಶನವೂ ಕಟ್ಟಡವೂ ಸೇರಿ 25 ಲಕ್ಷ ರೂಪಾಯಿ ಬಿದ್ದ ಮನೆಗೆ ತಿಂಗಳಿಗೆ 7,000 ರೂ. ಬಾಡಿಗೆ ಬರುವುದೆಂದು ಭಾವಿಸಿದರೆ ವರ್ಷಕ್ಕೆ 84,000 ರೂ.; ಅಂದರೆ ಮೂಲಧನದ ಮೇಲೆ ನೂರಕ್ಕೆ ಮೂರೂಕಾಲರ ಆಸುಪಾಸು. ಒಂದು ತಿಂಗಳು ಖಾಲಿಬಿದ್ದು, ಸುಣ್ಣಬಣ್ಣಕ್ಕೂ ಮೋಟರಿನ ರಿಪೇರಿಗೂ ಒಂದಿಷ್ಟು ಹೋಗಿ, ಕಂದಾಯ ಕಟ್ಟಿದ ಮೇಲೆ ಉಳಿಯುವುದು ಇನ್ನೂ ಕಡಮೆ. ಪೂರ್ತಿ ಸಾಲದ ಹಣದಿಂದಲೇ ಕಟ್ಟಿದವನಿಗೆ ಬಾಡಿಗೆಯು ಬಡ್ಡಿಗೂ ಸಾಲದು. ಆದುದರಿಂದ ಮೊದಲ ಹೆಜ್ಜೆಯಾಗಿ ತಾನು ವಾಸಿಸುವ ಮನೆಯ ಮೇಲೊಂದು ಅಂತಸ್ತು ಏರಿಸುವುದು, ಅಥವಾ ಇದ್ದ ಖಾಲಿ ಜಾಗದಲ್ಲಿ ಸಣ್ಣ ಮನೆಯೊಂದನ್ನು ಕಟ್ಟುವುದು ಯುಕ್ತ. ನಿವೇಶನದ ಬೆಲೆ ಲೆಕ್ಕಕ್ಕೆ ಬಾರದಾಗ ಅದೇ ಬಾಡಿಗೆ ಒಳ್ಳೆಯ ಹುಟ್ಟುವಳಿಯಾಗಿ ಪರಿಣಮಿಸುತ್ತದೆ.

ಭೋಗ್ಯದ ವಿಷಯವನ್ನು ವಿಸ್ತರಿಸಿ ಹೇಳಬೇಕಾಗಿದೆ. ಏಕೆಂದರೆ ಕರ್ನಾಟಕದ ಪಟ್ಟಣಗಳಲ್ಲಿ ಅನೇಕ ಮನೆಗಳ ಮೇಲಂತಸ್ತು ಎದ್ದು ನಿಂತಿರುವುದು ಈ ಪದ್ಧತಿಯ ಮೇಲೆಯೇ. ‘ಲೀಸ್‌ಗೆ ಹಾಕುವುದು’ ಎಂದು ಜನ ಆಡುವ ಇದರಲ್ಲಿ ಬಾಡಿಗೆದಾರನು ಇಡಿಗಂಟನ್ನು ಮುಂಗಡವಾಗಿ ಒಪ್ಪಿಸಿ, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ತನ್ನ ಹಣವನ್ನು ಪೂರ್ತಿ ಹಿಂದಕ್ಕೆ ಪಡೆಯುತ್ತಾನೆ. ಬಡ್ಡಿಯಿಲ್ಲದ ಸಾಲ ದೊರೆಯಿತೆಂದು ಮನೆಯೊಡೆಯನು ಹಿಗ್ಗುವುದುಂಟು. ಆದರೆ ತಿಂಗಳಿಗೆ 6,000 ರೂ. ಬರಬಹುದಾದ ಮನೆಯನ್ನು 4 ಲಕ್ಷಕ್ಕೆ ಭೋಗ್ಯಕ್ಕಿತ್ತವನು ವರ್ಷಕ್ಕೆ 72,000 ರೂ. ಬಾಡಿಗೆಯನ್ನು ಬಿಟ್ಟುಕೊಟ್ಟಿದ್ದಾನೆ, ಎಂದರೆ ನೂರಕ್ಕೆ ಹದಿನೆಂಟರ ಬಡ್ಡಿಗೆ ಸಾಲ ಎತ್ತಿದ್ದಾನೆ. ಬ್ಯಾಂಕಿನ ಗೃಹಸಾಲ ಇದರ ಅರ್ಧ ದರಕ್ಕೆ ಸಿಗಬಹುದಾಗಿರುವಾಗ ಇದು ಲಾಭದ ವ್ಯವಹಾರವೆಂಬುದು ಕಣ್ಕಟ್ಟು. ಅದಕ್ಕಿಂತ ಕ್ಲೇಶಕರವಾದುದು ಹಣ ಹಿಂದಿರುಗಿಸುವ ದಿನ: ಇಡಿಗಂಟು ಮೇಲಂತಸ್ತಿನ ಸಿಮೆಂಟು ಕಬ್ಬಿಣಗಳಲ್ಲಿ ಕರಗಿಹೋಗಿರುವುದರಿಂದ ಮುಂದಿನ ಭೋಗ್ಯದಾರನು ಸಿಗುವವರೆಗೆ ಈಗಿನವನು ಕಾಯಬೇಕಾಗುತ್ತದೆ, ಅವನ ಮಗಳ ಮದುವೆಯೋ ವರ್ಗಾವಣೆಯೋ ಒದಗಿಬಂದು ಅವನೂ ಕಾಯಲಾರ. ಇಂಥ ಸಂದರ್ಭದಲ್ಲಿ ನೊಂದವರನ್ನು ಪ್ರತಿ ಊರಿನಲ್ಲಿಯೂ ಕಾಣಬಹುದು. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಕಂತು ನಿಂತರೆ, 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಲು ಬಂದಾಗ, ನೋಂದಣಿಯಾಗದ ಕಾಗದವನ್ನು ಹಿಡಿದು ನಿಂತ ಭೋಗ್ಯದಾರನ ಗತಿ ಹೇಳತೀರದು. ನೂರು ರೂಪಾಯಿಗೆ ಮೀರಿದ ಸ್ವಾಧೀನ ಅಡಮಾನಕ್ಕೆ ನೋಂದಣಿ ಅವಶ್ಯವೆಂದು ಕಾಯಿದೆ ಹೇಳುವುದರಿಂದ, ಭೋಗ್ಯವನ್ನು ಕೊಡಲೇಬೇಕಾದಲ್ಲಿ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗುವುದು, ಬಂದ ಗಂಟಿನಲ್ಲಿ ಅರ್ಧಭಾಗವನ್ನಾದರೂ ಬ್ಯಾಂಕಿನ ಠೇವಣಿಯಲ್ಲಿಡುವುದು ಮನೆಯೊಡೆಯನ ಧರ್ಮವೆನ್ನಬೇಕು.

ಮಾಸಿಕ ಬಾಡಿಗೆಯ ಕರಾರು ಬಹುತೇಕ ಹನ್ನೊಂದು ತಿಂಗಳದು. ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ ಸ್ವತ್ತು ವರ್ಗಾವಣೆ ಕಾಯಿದೆಯ 107ನೆಯ ಪ್ರಕರಣದಂತೆ ನೋಂದಣಿ ಕಡ್ಡಾಯವಾದುದೇ ಈ ರೂಢಿಗೆ ಕಾರಣ. ಇ-ಸ್ಟ್ಯಾಂಪ್ ಕಾಗದದ ಮೇಲೆ ಬಾಡಿಗೆ, ಅಡ್ವಾನ್ಸು, ಬಾಡಿಗೆ ಕೊಡತಕ್ಕ ತಾರೀಖು, ವರ್ಷಕ್ಕೆ ಏರಿಸುವ ಪ್ರಮಾಣ, ಖಾಲಿ ಮಾಡಲು ಕೊಡಬೇಕಾದ ಮುನ್ಸೂಚನೆ ಇವಿಷ್ಟನ್ನೂ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಬೇಕು. ಕರಾರಿನಲ್ಲಿ ಏನೂ ಹೇಳದಿದ್ದರೆ 106ನೆಯ ಪ್ರಕರಣದಂತೆ ಮಾಸಿಕ ಬಾಡಿಗೆಯ ಮನೆಗೆ ಹದಿನೈದು ದಿನಗಳ ನೋಟೀಸು ಸಾಕು. ನೋಟೀಸಿಗೂ ಬಗ್ಗದವನನ್ನು ಹೊರಡಿಸುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ ಸೇರಿದ್ದು. ಬೀಗ ಬದಲಿಸಿ, ಸಾಮಾನು ಬೀದಿಗೆಸೆದ ಒಡೆಯನ ಮೇಲೆ ಬಾಡಿಗೆದಾರನು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಪ್ರಕರಣದಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಲ್ಲನು.

ಮನೆಯನ್ನು ಬಾಡಿಗೆಗೆ ಯೋಗ್ಯವಾಗಿಸುವುದರಲ್ಲಿ ಈ ಬಯಲುಸೀಮೆಯಲ್ಲಿ ಅಮೃತಶಿಲೆಯ ನೆಲಕ್ಕಿಂತ ನೀರಿನ ತೊಟ್ಟಿಯೇ ಮುಖ್ಯ. ವೇದಾವತಿಗೆ 1898ರಿಂದ 1907ರ ಅವಧಿಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರವು 1933ರ ಅನಂತರ ಮತ್ತೆ ಕೋಡಿ ಹರಿದದ್ದು 2022ರಲ್ಲಿ ಎಂಬ ಒಂದು ಸಂಗತಿಯೇ ಇಲ್ಲಿನ ಮಳೆಯ ಸ್ವಭಾವವನ್ನು ತಿಳಿಸುತ್ತದೆ. ಆ ಜಲಾಶಯದಿಂದಲೂ ಚನ್ನಗಿರಿಯ ಸೂಳೆಕೆರೆಯಿಂದಲೂ ಬರುವ ನೀರು ನಲ್ಲಿಗೆ ಬರುವುದು ದಿನಬಿಟ್ಟು ದಿನವೋ ಇನ್ನೂ ತಡವಾಗಿಯೋ ಆದುದರಿಂದ, ಮನೆ ನೋಡಲು ಬಂದ ಗೃಹಿಣಿಯು ದೇವರ ಗೂಡಿಗಿಂತ ಮೊದಲು ಸಂಪಿನ ಮುಚ್ಚಳವನ್ನೆತ್ತಿಸಿ ಆಳ ಕೇಳುತ್ತಾಳೆ. ಬೋರ್‌ವೆಲ್ ಇದ್ದರೆ ಬೇಸಗೆಯಲ್ಲಿಯೂ ಬರುತ್ತದೆಯೇ ಎಂದು ಎದುರುಮನೆಯವರನ್ನು ವಿಚಾರಿಸುತ್ತಾಳೆ. ಎರಡು ಸಂಸಾರಗಳಿಗೆ ಒಂದೇ ಸಂಪು, ಒಂದೇ ಮೋಟರು ಇಟ್ಟ ಮನೆಯಲ್ಲಿ ಜಗಳ ತಪ್ಪಿದ್ದಲ್ಲ. ಮಾಳಿಗೆಯ ಮಳೆನೀರನ್ನು ಸಂಪಿಗೆ ಇಳಿಸುವ ಕೊಳವೆ ಕಟ್ಟುವಾಗಲೇ ಹಾಕಿದರೆ ಅಲ್ಪವೆಚ್ಚ. ಹೊಂಡಗಳಲ್ಲಿ ಮಳೆಯನ್ನು ಹಿಡಿದಿಟ್ಟು ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ಪೊರೆದ ನಾಡಿನಲ್ಲಿ ಈ ವಿವೇಕ ಹೊಸತೇನಲ್ಲ.

ವಿದ್ಯುತ್ತಿಗೆ ಪ್ರತಿ ಮನೆಗೂ ಬೆಸ್ಕಾಂನ ಪ್ರತ್ಯೇಕ ಮೀಟರು ಈಗ ಅನಿವಾರ್ಯ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಮಿತಿಯೊಳಗಿನ ಉಚಿತ ವಿದ್ಯುತ್ತು ಬಾಡಿಗೆದಾರನಿಗೂ ಸಲ್ಲುತ್ತದಾದರೂ ಅದು ಮೀಟರಿನ ಆರ್.ಆರ್. ಸಂಖ್ಯೆಗೆ ಕಟ್ಟುಬಿದ್ದುದು, ಒಡೆಯನ ಮೀಟರಿನಿಂದ ಉಪಮೀಟರು ಎಳೆದಿರುವ ಮನೆಯವನಿಗೆ ಸೌಲಭ್ಯ ತಪ್ಪುತ್ತದೆ. ಬಿಟ್ಟು ಹೋಗುವವನು ತನ್ನ ಆಧಾರ್ ಜೋಡಣೆಯನ್ನು ಆ ಸಂಖ್ಯೆಯಿಂದ ಬಿಡಿಸಿ ಹೋದನೇ ಎಂದು ನೋಡಿಕೊಳ್ಳದಿದ್ದರೆ ಹೊಸಬನು ಬೆಸ್ಕಾಂ ಕಚೇರಿಗೆ ಅಲೆಯಬೇಕಾದೀತು.

ಬಾಡಿಗೆದಾರನನ್ನು ಆರಿಸುವ ಮಾತು ಬಂದಾಗ ಈ ಲೇಖನವು ಮೌನ ವಹಿಸಲಾರದು. ಉದ್ಯೋಗವನ್ನೂ ಹಿಂದಿನ ಮನೆಯ ನಡವಳಿಕೆಯನ್ನೂ ವಿಚಾರಿಸುವುದು ಒಡೆಯನ ಹಕ್ಕು. ಗುರುತಿನ ಚೀಟಿಯ ಪ್ರತಿಯನ್ನು ಪಡೆಯುವುದು ಅವಶ್ಯ. ಆದರೆ ‘ನೀವು ಯಾವ ಜನ?’ ಎಂಬ ಪ್ರಶ್ನೆ ಬಾಗಿಲಲ್ಲಿಯೇ ಹೊರಬಿದ್ದು, ಉತ್ತರ ಕೇಳಿದೊಡನೆ ‘ಮನೆ ಬೇರೆಯವರಿಗೆ ಮಾತಾಡಿಯಾಗಿದೆ’ ಎಂಬ ಸುಳ್ಳು ಹುಟ್ಟಿ, ಸಂಬಳವುಳ್ಳ ಸುಶಿಕ್ಷಿತ ಉಪಾಧ್ಯಾಯಿನಿಯೊಬ್ಬಳು ಬೀದಿಯಿಂದ ಬೀದಿಗೆ ತಿರುಗುವ ಅವಮಾನ ನಮ್ಮ ಪಟ್ಟಣಗಳಲ್ಲಿ ಇನ್ನೂ ನಿಂತಿಲ್ಲ. ಅಸ್ಪೃಶ್ಯತೆಯ ಕಾರಣದಿಂದ ಯಾವ ಬಡಾವಣೆಯಲ್ಲಾಗಲಿ ಮನೆಯ ವಾಸವನ್ನು ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ 4ನೆಯ ಪ್ರಕರಣದಂತೆ ದಂಡನೀಯ ಅಪರಾಧ. ಲೋಕಸಭಾ ಕ್ಷೇತ್ರವೇ ಪರಿಶಿಷ್ಟ ಜಾತಿಗೆ ಮೀಸಲಾಗಿರುವ, ಶರಣ ಪರಂಪರೆಯ ಮಠಗಳು ನೆಲೆಸಿರುವ ಈ ಜಿಲ್ಲೆಯಲ್ಲಿ ಆ ಅಪರಾಧ ವಾಡಿಕೆಯ ಹೆಸರಿನಲ್ಲಿ ನಡೆಯುವುದು ಲಜ್ಜಾಸ್ಪದ. ಕಾಲಕ್ಕೆ ಸರಿಯಾಗಿ ಬಾಡಿಗೆ ಕೊಡುವವರನ್ನು ಹೀಗೆ ತಿರುಗಿಸಿ ಕಳುಹಿಸಿದ ಒಡೆಯನ ಮನೆ ಮೂರು ತಿಂಗಳು ಬೀಗ ಹಾಕಿಕೊಂಡಿರುವುದೂ ಅಪರೂಪವಲ್ಲ.

ತೆರಿಗೆಯ ಭಾಗ ಸರಳ. ಸ್ಥಳೀಯ ಸಂಸ್ಥೆಗೆ ಸ್ವಯಂಘೋಷಿತ ಆಸ್ತಿತೆರಿಗೆಯನ್ನು ಏಪ್ರಿಲಿನಲ್ಲಿಯೇ ಕಟ್ಟಿದರೆ ನೂರಕ್ಕೆ ಐದರ ರಿಯಾಯಿತಿಯುಂಟು. ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ಆ ಕಂದಾಯವನ್ನು ಕಳೆದು, ಉಳಿದುದರಲ್ಲಿ ನೂರಕ್ಕೆ ಮೂವತ್ತನ್ನು ರಿಪೇರಿ ಮುಂತಾದುವಕ್ಕೆಂದು ರಸೀತಿಯಿಲ್ಲದೆಯೇ ಕಳೆಯಲಾಗುತ್ತದೆ: ಮೇಲಿನ 84,000 ರೂ. ಬಾಡಿಗೆಯಲ್ಲಿ 2,000 ರೂ. ಕಂದಾಯ ಹೋದರೆ 82,000; ಅದರಲ್ಲಿ 24,600 ಕಳೆದು 57,400 ರೂ. ಮಾತ್ರ ಆದಾಯಕ್ಕೆ ಸೇರುತ್ತದೆ. ಮನೆ ಸಾಲದ ಬಡ್ಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 1961ರ ಆದಾಯ ತೆರಿಗೆ ಕಾಯಿದೆಯ ಈ ಕ್ರಮ 2025ರ ಹೊಸ ಕಾಯಿದೆಯಲ್ಲಿಯೂ ಮುಂದುವರಿದಿದೆ.

ಬಾಡಿಗೆದಾರನು ಮನೆ ಬಿಡುವ ದಿನ ಉಭಯರ ನಡುವೆ ವಿವಾದವೇಳುವುದು ಹೆಚ್ಚಾಗಿ ಅಡ್ವಾನ್ಸಿನಲ್ಲಿ ಕಳೆಯುವ ಸುಣ್ಣಬಣ್ಣದ ಹಣಕ್ಕಾಗಿ. ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣದಂತೆ ಬಾಡಿಗೆದಾರನು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಒಪ್ಪಿಸಬೇಕಾದರೂ ಸಹಜವಾದ ಬಳಕೆಯ ಸವೆತಕ್ಕೆ ಅವನು ಹೊಣೆಯಲ್ಲ. ಗೋಡೆಯ ಬಣ್ಣ ಮಾಸುವುದು ಸವೆತ, ಸಿಂಕು ಒಡೆಯುವುದು ನಷ್ಟ. ಒಪ್ಪಿಸಿದ ದಿನವೇ ಫ್ಯಾನು, ನಲ್ಲಿ, ಕಿಟಕಿಯ ಗಾಜು, ಬೀಗದ ಕೈಗಳ ಪಟ್ಟಿಯನ್ನೂ ಮೀಟರಿನ ಅಂಕಿಯನ್ನೂ ಬರೆದು ಇಬ್ಬರೂ ಸಹಿ ಹಾಕಿದ್ದರೆ ಆ ಪಟ್ಟಿಯನ್ನು ಹಿಡಿದು ಒಂದು ಗಳಿಗೆ ಕೋಣೆಗಳನ್ನು ಸುತ್ತಿಬರುವಷ್ಟರಲ್ಲಿ ಲೆಕ್ಕ ತೀರುತ್ತದೆ, ಉಳಿದ ಹಣವನ್ನು ಅಂದೇ ಕೈಗೆ ಕೊಟ್ಟು ರಸೀತಿ ಪಡೆಯಬಹುದು.